ನಂತರ ಗೊಂಬೆಯಾಟ ನಡೆಯಿತು

ಕೇಳುಗರಿಗೆಲ್ಲ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಊರಿನ ಕಲೆ, ಸಾಹಿತ್ಯ ಕಾರ್ಯಕ್ರಮಗಳು ಮತ್ತು ದಿನದ ಸುದ್ದಿ. ಕೊಟ್ಟಿರುವ ಸಮಯ ಹತ್ತು ನಿಮಿಷ. ಇಷ್ಟು ದೊಡ್ಡ ವಿಷಯ ಹತ್ತು ನಿಮಿಷದಲ್ಲಿ ಮುಗಿಯುವುದಲ್ಲ, ಅದಕ್ಕೆ ನಾನು ಒಂದೇ ಮಾತು ಹೇಳಿ ಹೋಗುತ್ತೇನೆ. ಕಾರ್ಯಕ್ರಮದ ಸುದ್ದಿ ಬರೆಯುವಾಗ ಅಲ್ಲಿ ಯಾರು ಕೂತಿದ್ದರು ಅಂತ ಬರೆಯಬೇಡಿ. ಅಲ್ಲಿ ಏನಾಯಿತು ಅಂತ ಬರೆಯಿರಿ. ಅಷ್ಟೇ.

ನಾನು ಯಾರಿಗೆ ಹೇಳುತ್ತಿದ್ದೇನೆ ಗೊತ್ತಾ? ನಿಮಗೇ. ನೀವು ಊರಿನ ಸಾಹಿತ್ಯ ಬಳಗದ ಕಾರ್ಯದರ್ಶಿ ಇರಬಹುದು, ಹೈಸ್ಕೂಲ್ ಮೇಷ್ಟ್ರು ಇರಬಹುದು, ನಾಟಕ ಮಾಡಿಸುವ ಹುಡುಗ ಇರಬಹುದು. ರಾತ್ರಿ ಒಂಬತ್ತೂವರೆಗೆ ಕುರ್ಚಿ ಎಲ್ಲ ಮಡಚಿಟ್ಟು, ಶಾಮಿಯಾನದವನಿಗೆ ದುಡ್ಡು ಕೊಟ್ಟು, ಹಸಿದ ಹೊಟ್ಟೆಯಲ್ಲಿ ಮೊಬೈಲ್ ಹಿಡಿದು ಪತ್ರಿಕೆಗೆ ಸುದ್ದಿ ಟೈಪ್ ಮಾಡುವವರು ನೀವೇ ಅಲ್ವಾ? ಅಂಥ ಸುದ್ದಿಗಳನ್ನು ನಾನು ಮೂವತ್ತೊಂದು ವರ್ಷ ಜಿಲ್ಲಾ ಪುಟದ ಡೆಸ್ಕಿನಲ್ಲಿ ಕೂತು ತಿದ್ದಿದ್ದೇನೆ. ಬಾಯಿಪಾಠ ಆಗಿಬಿಟ್ಟಿದೆ. ಶ್ರೀಗಳು ಸಾನ್ನಿಧ್ಯ ವಹಿಸಿದ್ದರು. ಇಂಥವರು ದೀಪ ಬೆಳಗಿಸಿ ಮಾತನಾಡಿ, ನಮ್ಮ ಕಲೆಯನ್ನು ಉಳಿಸಿ ಬೆಳೆಸಬೇಕು ಎಂದು ಕರೆ ನೀಡಿದರು. ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಯಾವ ಕಲೆ ಸ್ವಾಮಿ ಅದು? ಯಾರು ಹಾಡಿದರು, ಯಾವ ಹಾಡು, ಜನ ಎದ್ದು ಹೋದರೋ ಕೂತು ಕೇಳಿದರೋ? ಅದೊಂದು ಇರುವುದಿಲ್ಲ.

ಈ ಕಾಯಿಲೆ ಹುಟ್ಟಿನಿಂದ ಬಂದದ್ದಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುವಾಗಿದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಕಲ್ಲಚ್ಚಿನಲ್ಲಿ. ಅದರಲ್ಲಿ ಊರ ವರ್ತಮಾನ ಇತ್ತು, ಸರಕಾರದ ಸುದ್ದಿ ಇತ್ತು, ಜೊತೆಗೇ ಗಾದೆಮಾತು ಇತ್ತು, ದಾಸರ ಪದ ಇತ್ತು. ಸುದ್ದಿಗೊಂದು ಪುಟ, ಸಂಸ್ಕೃತಿಗೊಂದು ಪುಟ ಅಂತ ಗೋಡೆ ಕಟ್ಟಿದ್ದು ನಾವು ಆಮೇಲೆ. ಗೋಡೆ ಕಟ್ಟಿದ ಮೇಲೆ ಏನಾಗುತ್ತೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಇದನ್ನು ನನ್ನ ಮನೆಯವರು ನೂರು ಸಲ ಕೇಳಿದ್ದಾರೆ, ನೀವು ಒಂದು ಸಲ ಕೇಳಿ.

1991ರ ಬೇಸಿಗೆ. ನಾನಿನ್ನೂ ಹೊಸ ಉಪಸಂಪಾದಕ. ಆಗ ಹಳ್ಳಿಯ ಸುದ್ದಿ ಬರುತ್ತಿದ್ದದ್ದು ಬಸ್ಸಿನಲ್ಲಿ. ಸುದ್ದಿಗಾರ ಕಾಗದದಲ್ಲಿ ಬರೆದು, ಕವರಿನೊಳಗೆ ಹಾಕಿ, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಬೇಕು, ನಮ್ಮ ಆಫೀಸಿನ ಹುಡುಗ ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬರಬೇಕು. ಹಾಗೆ ಬಂದ ಒಂದು ಕವರಿನಲ್ಲಿ ಒಂದು ಹಳ್ಳಿಯ ತೊಗಲುಗೊಂಬೆಯಾಟದ ಸುದ್ದಿ ಇತ್ತು. ಆ ವರ್ಷ ಮಳೆ ಇರಲಿಲ್ಲ. ಮಳೆ ಬರಲಿ ಅಂತ ಊರವರು ಗೊಂಬೆ ಆಡಿಸುವುದು ಆ ಕಡೆ ಹಳೆಯ ನಂಬಿಕೆ. ಸುದ್ದಿಯಲ್ಲಿ ಹದಿನೇಳು ಹೆಸರು. ಕಡೆಯಲ್ಲಿ ಒಂದೇ ಒಂದು ಸಾಲು, "ನಂತರ ಗೊಂಬೆಯಾಟ ನಡೆಯಿತು." ಜೊತೆಗೊಂದು ಫೋಟೊ, ದೀಪ ಹಚ್ಚುವುದು.

ಪುಟ ಕಟ್ಟುವಾಗ ಒಂದು ಸಾಲು ಜಾಸ್ತಿ ಆಯಿತು. ಏನು ತೆಗೆಯಲಿ? ಹೆಸರು ತೆಗೆದರೆ ಬೆಳಿಗ್ಗೆ ಫೋನ್ ಬರುತ್ತೆ. ಹದಿನೇಳರಲ್ಲಿ ಯಾರನ್ನು ಬಿಟ್ಟರೂ ಅವರ ಅಳಿಯನೋ ಭಾವನೋ ಸಂಪಾದಕರಿಗೆ ಪರಿಚಯ ಇರುತ್ತಾರೆ. ನಾನು ಕಡೆಯ ಸಾಲನ್ನೇ ಹೊಡೆದು ಹಾಕಿದೆ. ಹೌದು, ನಾನೇ.

ಮೂರನೇ ದಿನ ಒಬ್ಬ ಅಜ್ಜ ಆಫೀಸಿಗೆ ಬಂದ. ಬಿಳಿ ಪಟಗ, ಹೆಗಲ ಮೇಲೆ ಒಂದು ಚೀಲ, ಕೈಯಲ್ಲಿ ನಮ್ಮದೇ ಪತ್ರಿಕೆಯ ಎರಡು ಪ್ರತಿ, ನೀಟಾಗಿ ಮಡಚಿದ್ದು. "ಸಾಹೇಬ್ರ, ನನ್ನ ಹೆಸರು ಎಲ್ಲೈತ್ರಿ? ನನಗ ಓದಾಕ ಬರಂಗಿಲ್ಲ. ಒಂದೀಟು ಬಟ್ಟು ಇಟ್ಟು ತೋರಸ್ರಿ. ಮೊಮ್ಮಗಳಿಗೆ ತೋರಸ್ಬೇಕು" ಅಂದ.

ನಾನು ಪತ್ರಿಕೆ ಬಿಡಿಸಿದೆ. ಬೆರಳನ್ನು ಕಾಲಂ ಮೇಲೆ ಮೇಲಿಂದ ಕೆಳಗೆ ಇಳಿಸಿದೆ. ಇಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಹುಡುಕುವ ಹಾಗೆ ಮಾಡಿದೆ. ಅಜ್ಜ ನನ್ನ ಬೆರಳನ್ನೇ ನೋಡುತ್ತಿದ್ದ. ಬೆರಳು ಕೆಳಗಿನ ಜಾಹೀರಾತಿಗೆ ಬಂದು ನಿಂತಿತು. ಆಗ ಅಜ್ಜ ಫೋಟೊ ಕಡೆ ಕೈ ತೋರಿಸಿದ. ದೀಪದ ಸುತ್ತ ಹನ್ನೊಂದು ಜನ ಕ್ಯಾಮರಾ ನೋಡುತ್ತಾ ನಿಂತಿದ್ದಾರೆ, ಅವರ ಬೆನ್ನ ಹಿಂದೆ ಒಂದು ಬಿಳಿ ಪರದೆ. "ಇದರ ಹಿಂದ ಇದ್ದೆ ನೋಡ್ರಿ ನಾನು" ಅಂದ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೂರಿಸಿ ಚಹಾ ತರಿಸಿದೆ. "ಅಜ್ಜಾರ, ಅವತ್ತು ಏನು ಆಡಿಸಿದ್ರಿ?" ಅಂತ ಕೇಳಿದೆ. ಲಂಕಾದಹನ ಅಂದ. ಚೀಲದಿಂದ ಹನುಮಂತನನ್ನು ತೆಗೆದು ನನ್ನ ಮೇಜಿನ ಮೇಲೆ, ಸುದ್ದಿ ಕವರುಗಳ ಮೇಲೇ ಮಲಗಿಸಿದ. ಆಡಿನ ಚರ್ಮ. ಕೂದಲು ಹೆರೆದು, ತೆಳ್ಳಗೆ ಮಾಡಿ, ಒಣಗಿಸಿ, ಕೆಂಪು ಕಪ್ಪು ಬಣ್ಣ ಹಾಕಿದ್ದು. ಒಡವೆ ಇರುವ ಕಡೆಯೆಲ್ಲ ಸಣ್ಣ ಸಣ್ಣ ತೂತು. ಸುಮ್ನೆ ನೋಡಿದರೆ ಮಬ್ಬಾಗಿ, ಸ್ವಲ್ಪ ಕೊಳೆಯಾಗಿ ಕಾಣುತ್ತೆ. ಅಜ್ಜ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಷ್ಟೇ ನೋಡಿ! ಬಣ್ಣ ಎಲ್ಲ ಒಳಗಿಂದ ಹೊತ್ತಿಕೊಂಡಿತು, ತೂತುಗಳೆಲ್ಲ ಮುತ್ತಾದವು. ಡೆಸ್ಕಿನವರೆಲ್ಲ ಕೆಲಸ ಬಿಟ್ಟು ಎದ್ದು ಬಂದರು. ಆಮೇಲೆ ಒಂದು ರಾಜನ ಗೊಂಬೆ, ಒಂದು ಆಳಿನ ಗೊಂಬೆ ತೆಗೆದ. ರಾಜ ದೊಡ್ಡವನು, ಆಳು ಅವನ ಅರ್ಧ. ಅಂತಸ್ತು ನೋಡಿ ಗೊಂಬೆಯ ಅಳತೆ. ನಮ್ಮ ಪುಟದಲ್ಲಿ ಫೋಟೊ ಹಾಕುವುದೂ ಹೀಗೇ ಅಲ್ವಾ ಅಂತ ಪಕ್ಕದ ಸಹೋದ್ಯೋಗಿ ಪಿಸುಗುಟ್ಟಿದ.

ನಾನು ಹೇಳಬೇಕಾದದ್ದು ಇನ್ನೂ ಮುಂದಿದೆ. ಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಅಂತ ಗಂಡ ಹೆಂಡತಿ ಇಬ್ಬರು ಬರುತ್ತಾರೆ, ನಗಿಸುವುದಕ್ಕೆ. ಅವರಿಗೆ ರಾಮಾಯಣದ ಹಂಗಿಲ್ಲ, ಬಾಯಿಗೆ ಬಂದದ್ದು ಮಾತಾಡಬಹುದು. ಅವತ್ತು ಏನು ಮಾತಾಡಿಸಿದ್ರಿ ಅಂತ ಕೇಳಿದೆ. ಅಜ್ಜ ನಕ್ಕ. ಲಂಕೆಗೆ ಬೆಂಕಿ ಬಿದ್ದಾಗ ಬಂಗಾರಕ್ಕ ಕೊಡ ಹಿಡಿದು ನೀರಿಗೆ ಹೊರಟಳಂತೆ. ಕಿಳ್ಳೇಕ್ಯಾತ "ಎಲ್ಲಿಗೆ ಹೊಂಟಿಯ, ನಮ್ಮೂರ ಬೋರಿಂಗು ಕೆಟ್ಟು ಮೂರು ತಿಂಗಳಾತು, ಲಂಕಾ ಸುಡ್ಲಿ ಬಿಡು" ಅಂದನಂತೆ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತಂತೆ. ಆಮೇಲೆ ಹೆಂಗಸರು ಅಲ್ಲೇ ಎದ್ದು ನಿಂತು ಜಗಳ ತೆಗೆದು, ಅರ್ಧ ಗಂಟೆ ಆಟ ನಿಂತಿತಂತೆ.

ನೋಡಿ, ಆ ಹಳ್ಳಿಯ ಅವತ್ತಿನ ಮುಖ್ಯ ಸುದ್ದಿ ಯಾವುದು? ಬೋರಿಂಗು. ಅದನ್ನು ಹೇಳಿದವರು ಯಾರು? ಒಂದು ತೊಗಲಿನ ಗೊಂಬೆ. ಅದನ್ನು ಕೇಳಬೇಕಿದ್ದವರೆಲ್ಲ ದೀಪ ಹಚ್ಚಿ, ಹಾರ ಹಾಕಿಸಿಕೊಂಡು, ಒಂಬತ್ತು ಗಂಟೆಗೇ ಜೀಪು ಹತ್ತಿದ್ದರು. ನಮ್ಮ ಸುದ್ದಿಗಾರನೂ ಅದೇ ಜೀಪಿನಲ್ಲಿ ಬಂದಿದ್ದ. ನಾನು ಹೊಡೆದು ಹಾಕಿದ ಆ ಒಂದು ಸಾಲಿನೊಳಗೆ ಕಲೆಯೂ ಇತ್ತು, ಸುದ್ದಿಯೂ ಇತ್ತು. ಉಳಿಸಿಕೊಂಡ ಹದಿನೇಳು ಹೆಸರಿನಲ್ಲಿ ಎರಡೂ ಇರಲಿಲ್ಲ.

ಮಾರನೇ ವಾರ ಅಜ್ಜನ ಬಗ್ಗೆ ಬರೆದೆ, ಹೆಸರು ಹಾಕಿ, ಗೊಂಬೆ ಹಿಡಿದ ಫೋಟೊ ಹಾಕಿ. ಬೋರಿಂಗಿನ ಬಗ್ಗೆಯೂ ಬರೆದೆ. ಬೋರಿಂಗು ರಿಪೇರಿ ಆಯಿತು. ಅಜ್ಜ ಮತ್ತೆ ಬರಲಿಲ್ಲ, ಪತ್ರಿಕೆ ಅವನಿಗೆ ಸಿಕ್ಕಿತೋ ಇಲ್ಲವೋ.

ಅಯ್ಯೋ, ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

2025ರ ಪದ್ಮ ಪ್ರಶಸ್ತಿ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಹೆಸರು ಬಂತು. ತೊಗಲುಗೊಂಬೆಯಾಟಕ್ಕೆ ಪದ್ಮಶ್ರೀ, ತೊಂಬತ್ತಾರನೇ ವಯಸ್ಸಿಗೆ. ನನಗೆ ಎಷ್ಟು ಖುಷಿ ಆಯಿತು ಅಂದರೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಅಷ್ಟರಲ್ಲಿ ನನ್ನ ಹಳೆಯ ಡೆಸ್ಕಿನಿಂದ ಹುಡುಗನೊಬ್ಬ ಫೋನ್ ಮಾಡಿದ. "ಸಾರ್, ಗೊಂಬೆ ಆಡಿಸುತ್ತಿರುವ ಒಂದು ಹಳೇ ಫೋಟೊ ಇದೆಯಾ? ನಮ್ಮಲ್ಲಿರುವುದೆಲ್ಲ ಉದ್ಘಾಟನೆ ಫೋಟೊಗಳೇ." ಎಷ್ಟೋ ವರ್ಷ ದೀಪವನ್ನೇ ತೆಗೆದರೆ ಇನ್ನೇನು ಸಿಗುತ್ತೆ?

ದೊಡ್ಡ ಕಾರ್ಯಕ್ರಮದ ಕಥೆಯೂ ಇಷ್ಟೇ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ನಿಮಗೆ ಏನು ನೆನಪಿದೆ? ಬಾಡೂಟ. ಸಮ್ಮೇಳನದಲ್ಲಿ ಮಾಂಸದೂಟ ಬಡಿಸಬೇಕೋ ಬೇಡವೋ ಅನ್ನುವ ಆ ಜಗಳ ಸುದ್ದಿ ಅಲ್ಲ ಅಂತ ನಾನು ಹೇಳುವುದಿಲ್ಲ, ಯಾರ ಊಟ ಪಂಕ್ತಿಗೆ ಬರಬಹುದು ಅನ್ನುವುದು ನಿಜವಾದ ಸುದ್ದಿಯೇ. ಆದರೆ ಮೂರು ದಿನದ ಗೋಷ್ಠಿಗಳಲ್ಲಿ ಯಾರು ಯಾವ ಮಾತಿಗೆ ಎದುರು ಮಾತಾಡಿದರು ಅಂತ ಒಂದು ಸಾಲು ನೆನಪಿದೆಯಾ? ಇಲ್ಲ. ಬರೆದಿದ್ದರೆ ತಾನೇ.

ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾನೂ ಮುಖಪುಟ ನೋಡಿ ಕುಣಿದೆ. ಹಾಸನದ ಲೇಖಕಿ, ವಕೀಲೆ, ದೀಪಾ ಭಾಸ್ತಿಯವರ ಅನುವಾದ, ಹನ್ನೆರಡು ಕಥೆ. ಕನ್ನಡದ ಕೃತಿಗೆ ಅದು ಮೊದಲ ಸಲ. ಆದರೆ ಅಂಥವರು ದಶಕಗಟ್ಟಲೆ ನಮ್ಮ ಊರುಗಳ ಸಣ್ಣ ಸಣ್ಣ ಸಭೆಗಳಲ್ಲೇ ಮಾತಾಡಿದವರು. ಹಳೇ ಪತ್ರಿಕೆ ತೆಗೆದರೆ ಏನು ಸಿಗಬಹುದು? "ಉಪಸ್ಥಿತರಿದ್ದರು." ಈ ಪದವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ, ಕ್ಷಮಿಸಿ.

ಅದಕ್ಕೆ ಹೇಳಿದ್ದು, ಏನಾಯಿತು ಬರೆಯಿರಿ. ಮೊದಲ ಸಾಲಿನಲ್ಲೇ ಹಾಡಿದವರ, ಆಡಿದವರ ಹೆಸರು, ಆಮೇಲೆ ಬೇಕಿದ್ದರೆ ಮಿಕ್ಕವರು. ಭಾಷಣದ ಒಂದು ವಾಕ್ಯವಾದರೂ ಅವರ ಬಾಯಲ್ಲಿ ಬಂದ ಹಾಗೇ ಇರಲಿ. ಜನ ಏನು ಕೇಳಿದರು, ಎಲ್ಲಿ ನಕ್ಕರು ಅದನ್ನೂ ಹಾಕಿ. ಫೋಟೊ ಒಂದೇ ಕಳಿಸಿ, ನಲವತ್ತು ಬೇಡ, ದೀಪದ್ದಂತೂ ಬೇಡವೇ ಬೇಡ. ಪ್ರಸಂಗದ ಹೆಸರು, ನಾಟಕದ ಹೆಸರು ಸರಿಯಾಗಿ ಕೇಳಿಕೊಂಡು ಬರೆಯಿರಿ. ಮದ್ದಳೆಯವರನ್ನು, ಹಾರ್ಮೋನಿಯಂನವರನ್ನು ಬಿಡಬೇಡಿ. ಮತ್ತೆ ಕಾರ್ಯಕ್ರಮ ಮುಗಿಯುವ ತನಕ ಕೂತಿರಿ, ಇದು ಹೇಳಬೇಕಾದ ಮಾತೇ ಅಲ್ಲ, ಆದರೂ ಹೇಳುತ್ತಿದ್ದೇನೆ. ಇನ್ನೂ ಎರಡು ವಿಷಯ ಬರೆದುಕೊಂಡು ಬಂದಿದ್ದೆ, ಗೊಂಬೆಯಜ್ಜ ಅದರ ಸಮಯ ತಿಂದ.

ಮೊನ್ನೆ ನನ್ನ ಮನೆಗೆ ಒಂದು ಆಹ್ವಾನ ಪತ್ರಿಕೆ ಬಂತು. ಈ ಶನಿವಾರ ಸಂಜೆ ತತ್ವಪದ ಗಾಯನ. ಕಾರ್ಡಿನ ಮೇಲೆ ಹದಿನಾಲ್ಕು ಹೆಸರು, ಎರಡು ಫೋಟೊ. ಹಾಡುವವರ ಹೆಸರು ಹುಡುಕಿದೆ, ಇಲ್ಲ. ಫೋನ್ ಮಾಡಿ ಕೇಳಿದೆ. "ಲೋಕಲ್ ಅವರೇ ಸಾರ್, ಒಂದು ನಾಲ್ಕು ಜನ ಅಜ್ಜಿಯರು" ಅಂದರು. ಹೆಸರು ಹೇಳಿ ಅಂದೆ. "ಕೇಳಿ ಹೇಳುತ್ತೇನೆ" ಅಂದವರು ಇನ್ನೂ ಹೇಳಿಲ್ಲ. ಆರು ಗಂಟೆಗೆ ಅಂತ ಹಾಕಿದ್ದಾರೆ, ಹಾಡು ಶುರುವಾಗುವುದು ಎಂಟಕ್ಕೆ. ನಾನು ಎಂಟಕ್ಕೇ ಹೋಗುತ್ತೇನೆ, ಪೆನ್ನು ಹಿಡಿದುಕೊಂಡು. ನಮಸ್ಕಾರ.