ಲಿಸ್ಬನ್ನಿಗೂ ಮುಂಚೆ: ಸೆಲ್ಟಿಕ್ ತಂಡದ 1966–67

ಸಭೆಗೆ ನಮಸ್ಕಾರ.

1967ರ ಮೇ 25ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದ ಸೆಲ್ಟಿಕ್ ಫುಟ್‌ಬಾಲ್ ತಂಡವು ಲಿಸ್ಬನ್ನಿನಲ್ಲಿ ಇಂಟರ್ ಮಿಲಾನನ್ನು 2–1ರಿಂದ ಮಣಿಸಿ ಯುರೋಪಿಯನ್ ಕಪ್ ಎತ್ತಿದ ಕಥೆ ಇಲ್ಲಿ ಕೂತಿರುವವರಿಗೆ ಹೊಸದಲ್ಲ. ಆ ಹನ್ನೊಂದೂ ಮಂದಿ ತವರು ಮೈದಾನದ ಸುತ್ತಲ ಮೂವತ್ತು ಮೈಲಿಯೊಳಗೇ ಹುಟ್ಟಿದವರೆಂಬುದೂ ನಿಮಗೆ ಗೊತ್ತು. ಆದರೆ ಆ ತೊಂಬತ್ತು ನಿಮಿಷಗಳನ್ನಷ್ಟೇ ಕೊಂಡಾಡುತ್ತಾ, ಅದರ ಹಿಂದಿನ ತಿಂಗಳುಗಳ ದುಡಿಮೆಯನ್ನು ನಾವು ಮರೆತಿದ್ದೇವೆ ಎಂಬುದು ನನ್ನ ತಕರಾರು. ಆ ಕಪ್ಪನ್ನು ಗೆದ್ದದ್ದು ಸ್ಕಾಟ್ಲೆಂಡಿನ ಶನಿವಾರಗಳು, ಅಂದರೆ ವಾರ ವಾರದ ಲೀಗ್ ಪಂದ್ಯಗಳು.

ಕಲ್ಲಿದ್ದಲ ಗಣಿಯಲ್ಲಿ ದುಡಿದು ಬಂದ ಜಾಕ್ ಸ್ಟೀನ್ 1965ರಲ್ಲಿ ತಂಡದ ಹೊಣೆ ಹೊತ್ತಾಗ, ಸೆಲ್ಟಿಕ್ ಲೀಗ್ ಗೆದ್ದು ಹನ್ನೊಂದು ವರ್ಷ ಸಂದಿತ್ತು. 1966–67ರಲ್ಲಿ ಅದೇ ತಂಡ 34 ಲೀಗ್ ಪಂದ್ಯಗಳಲ್ಲಿ 111 ಗೋಲು ಹೊಡೆಯಿತು. ಲೀಗ್‌ನಲ್ಲಿ ಸೋತದ್ದು ಎರಡೇ ಸಲ, ಎರಡೂ ಸಲ ಡಂಡೀ ಯುನೈಟೆಡ್ ಎದುರು, ಎರಡೂ ಸಲ 3–2ರಿಂದ. ಬೆನ್ನ ಹಿಂದೆಯೇ ಇದ್ದ ರೇಂಜರ್ಸ್ ಮೂರೇ ಅಂಕ ಹಿಂದೆ ಉಳಿಯಿತು. ಆ ರೇಂಜರ್ಸ್ ಕೂಡ ಅದೇ ಮೇ ತಿಂಗಳ ಕೊನೆಯಲ್ಲಿ ಯುರೋಪಿನ ಇನ್ನೊಂದು ಪಂದ್ಯಾವಳಿಯಾದ ಕಪ್ ವಿನ್ನರ್ಸ್ ಕಪ್ಪಿನ ಫೈನಲ್ ಆಡಿ, ಹೆಚ್ಚುವರಿ ಸಮಯದಲ್ಲಿ ಬಯರ್ನ್ ಮ್ಯೂನಿಕ್‌ಗೆ ಒಂದು ಗೋಲಿನಿಂದ ಸೋತಿತು. ಒಂದೇ ಊರಿನ ಎರಡು ತಂಡಗಳು ಎರಡು ಯುರೋಪಿಯನ್ ಫೈನಲ್ ಆಡಿದ ವರ್ಷದಲ್ಲಿ, ಆ ಊರಿನ ಲೀಗ್ ಗೆಲ್ಲುವುದೆಂದರೆ ಎಂಥ ಪರೀಕ್ಷೆ ಎಂಬುದನ್ನು ಯೋಚಿಸಿ.

ಈಗ ನನಗೆ ಬಲು ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ; ಇದನ್ನು ತುಸು ನಿಧಾನವಾಗಿಯೇ ಹೇಳಬೇಕು. ಯುರೋಪಿಯನ್ ಕಪ್ಪಿನ ಕ್ವಾರ್ಟರ್ ಫೈನಲ್ ಎಂದರೆ ಎರಡು ಪಂದ್ಯ, ಎರಡರ ಗೋಲುಗಳನ್ನೂ ಕೂಡಿಸಿ ಲೆಕ್ಕ. ಮೊದಲ ಪಂದ್ಯ ಯುಗೊಸ್ಲಾವಿಯಾದ ನೊವಿ ಸಾದ್‌ನಲ್ಲಿ, ವೊಯ್ವೊದಿನಾ ಎದುರು. ರಕ್ಷಣಾ ಆಟಗಾರ ಟಾಮಿ ಗೆಮ್ಮೆಲ್ ಹಿಂದಕ್ಕೆ ಕೊಟ್ಟ ಚೆಂಡು ಬಲ ಸಾಲದೆ ಎದುರಾಳಿಗೆ ಸಿಕ್ಕಿ, ಸೆಲ್ಟಿಕ್ 1–0ರಿಂದ ಸೋತು ಬಂತು. ಮಾರ್ಚ್ 8ರಂದು ಗ್ಲಾಸ್ಗೋದಲ್ಲಿ ಎರಡನೇ ಪಂದ್ಯ. ಸ್ಟೀವಿ ಚಾಮರ್ಸ್ ಗೋಲು ಹೊಡೆದು ಲೆಕ್ಕ ಸಮ ಮಾಡಿದ್ದರು. ಇನ್ನೊಂದು ಗೋಲು ಬಾರದಿದ್ದರೆ ಮೂರನೇ ಪಂದ್ಯಕ್ಕಾಗಿ ರಾಟರ್‌ಡ್ಯಾಮಿಗೆ ಹೋಗಬೇಕು. ಹೊತ್ತು ಮುಗಿಯುತ್ತ ಬಂದಾಗ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ, ಸಿಕ್ಕಿತು. ಚಾರ್ಲಿ ಗಲ್ಲಾಗರ್ ಅವಸರಪಡದೆ ಚೆಂಡನ್ನು ಎತ್ತರಕ್ಕೆ ತೇಲಿಸಿದರು. ನಾಯಕ ಬಿಲ್ಲಿ ಮೆಕ್ನೀಲ್ ಹಿಂದಿನಿಂದ ಓಡಿ ಬಂದು, ಎಲ್ಲರಿಗಿಂತ ಮೇಲೆ ನೆಗೆದು, ತಲೆಯಿಂದ ಅದನ್ನು ಬಲೆಗೆ ಹಾಕಿದರು. ಆಗ 90ನೇ ನಿಮಿಷ. ಇದನ್ನು ಅದೃಷ್ಟ ಎನ್ನುವವರೊಂದಿಗೆ ನಾನು ಒಪ್ಪುವುದಿಲ್ಲ. ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುವ ಚಿಕ್ಕ ತಂಡಗಳನ್ನು ವಾರ ವಾರವೂ ಎದುರಿಸಿದವರಿಗೆ, ಕೊನೆಯ ನಿಮಿಷದವರೆಗೂ ಬಾಗಿಲು ಬಡಿಯುವ ಅಭ್ಯಾಸವಿತ್ತು. ಆ ತಾಳ್ಮೆ ಬಂದದ್ದೂ ಶನಿವಾರಗಳಿಂದಲೇ.

ಅಧ್ಯಕ್ಷರು ಗಡಿಯಾರದತ್ತ ನೋಡುತ್ತಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಕ್ರಿಸ್‌ಮಸ್ಸಿನ ಹೊತ್ತಿಗೆ 35 ಗೋಲು ಹೊಡೆದಿದ್ದ ಜೋ ಮೆಕ್‌ಬ್ರೈಡ್ ಮೊಣಕಾಲಿನ ಗಾಯದಿಂದ ಋತುವಿನ ಉಳಿದರ್ಧವನ್ನೇ ಕಳೆದುಕೊಂಡರು. ಅವರ ಹೆಸರನ್ನು ನಾವು ಬಿಡಬಾರದು. ಏಪ್ರಿಲ್ 25ಕ್ಕೆ ಪ್ರಾಗ್‌ನಲ್ಲಿ ಡುಕ್ಲಾ ಎದುರು ಸೆಮಿಫೈನಲ್, 29ಕ್ಕೆ ಅಬರ್‌ಡೀನ್ ಎದುರು ಸ್ಕಾಟಿಷ್ ಕಪ್ ಫೈನಲ್, ಮೇ 6ಕ್ಕೆ ರೇಂಜರ್ಸ್ ತವರು ಮೈದಾನ ಐಬ್ರಾಕ್ಸ್‌ನಲ್ಲಿ ಅವರ ಜೊತೆ 2–2 ಸಮ ಮಾಡಿಕೊಂಡು ಲೀಗ್ ಗೆಲುವು. ಲೀಗ್ ಕಪ್ಪೂ ಗ್ಲಾಸ್ಗೋ ಕಪ್ಪೂ ಮೊದಲೇ ಕೈಸೇರಿದ್ದವು.

ಇನ್ನು ಲಿಸ್ಬನ್. ಏಳನೇ ನಿಮಿಷದಲ್ಲಿ ಜಿಮ್ ಕ್ರೇಗ್ ಮಾಡಿದ ಫೌಲಿಗೆ ಪೆನಾಲ್ಟಿ ಸಿಕ್ಕಿ, ಮಝ್ಜೋಲಾ ಗೋಲು ಹೊಡೆದರು. ಆಮೇಲೆ ಇಂಟರ್ ಕೋಟೆ ಬಾಗಿಲು ಹಾಕಿಕೊಂಡಿತು. ಗೋಲ್‌ಕೀಪರ್ ಸಾರ್ತಿ ಒಂದರ ಮೇಲೊಂದು ಹೊಡೆತ ತಡೆದರು. ಸೆಲ್ಟಿಕ್‌ಗೆ ಇದು ಪರಿಚಿತ ಆಟವೇ. 63ನೇ ನಿಮಿಷದಲ್ಲಿ ಅದೇ ಕ್ರೇಗ್ ಪೆನಾಲ್ಟಿ ಅಂಗಳದ ಅಂಚಿಗೆ ಚೆಂಡನ್ನು ಸರಿಸಿದರು. ಓಡಿ ಬಂದು ಅದನ್ನು ಬಲೆಗೆ ಬಾರಿಸಿದವರು ನೊವಿ ಸಾದ್‌ನಲ್ಲಿ ತಪ್ಪು ಮಾಡಿದ ಗೆಮ್ಮೆಲ್.