ಎಕ್ಸೆಪ್ಷನಲ್ ಪಾಯಿಂಟ್ ಸೆನ್ಸರ್: ಸಿಗ್ನಲ್ 14 ಪಟ್ಟು, ನಿಖರತೆ ಎಷ್ಟು?

[ದೃಶ್ಯ: ಮಲ್ಪೆ ದಕ್ಕೆ. ಹಗ್ಗದಿಂದ ಒಂದಕ್ಕೊಂದು ಕಟ್ಟಿದ ಎರಡು ದೋಣಿ]

ಒಂದು ದೋಣಿ ಓಲಾಡಿದರೆ ಸ್ವಲ್ಪ ಹೊತ್ತಿನಲ್ಲಿ ಪಕ್ಕದ್ದೂ ಓಲಾಡುತ್ತದೆ. ಈಗ ಒಂದು ದೋಣಿ ಮಾತ್ರ ದಕ್ಕೆಯ ಟಯರಿಗೆ ಉಜ್ಜುತ್ತಿದೆ ಅಂದುಕೊಳ್ಳಿ. ಶಕ್ತಿ ಅಲ್ಲಿ ಸೋರಿಹೋಗುತ್ತದೆ. ಹೀಗೆ ಶಕ್ತಿ ಸೋರುವ, ಅಥವಾ ಹೊರಗಿನಿಂದ ತುಂಬಿಕೊಳ್ಳುವ ವ್ಯವಸ್ಥೆಗಳ ಲೆಕ್ಕವೇ ನಾನ್-ಹರ್ಮಿಷಿಯನ್ ಭೌತಶಾಸ್ತ್ರ. ಸೋರಿಕೆಯ ವ್ಯತ್ಯಾಸಕ್ಕೂ ಹಗ್ಗದ ಬಿಗಿಗೂ ಒಂದು ನಿರ್ದಿಷ್ಟ ಅನುಪಾತ ಬಂದಾಗ ಎರಡು ಕಂಪನಗಳು ಆವರ್ತನದಲ್ಲಿ ಮಾತ್ರವಲ್ಲ, ರೂಪದಲ್ಲೂ ಒಂದೇ ಆಗುತ್ತವೆ. ಅದು ಎಕ್ಸೆಪ್ಷನಲ್ ಪಾಯಿಂಟ್.

[ದೃಶ್ಯ: ಮೇಜು, ಎರಡು ಕಾಯಿಲ್]

ಇದನ್ನು ಮನೆಯ ಮೇಜಿನ ಮೇಲೆಯೇ ನೋಡಬಹುದು. 10 ಮೈಕ್ರೋಹೆನ್ರಿ ಕಾಯಿಲ್, 1 ನ್ಯಾನೋಫ್ಯಾರಡ್ ಕೆಪಾಸಿಟರ್. ಇಂಥ ಎರಡು ಸರ್ಕ್ಯೂಟ್. ಆವರ್ತನ ಸುಮಾರು 1.59 ಮೆಗಾಹರ್ಟ್ಸ್, ಆಗ ಕಾಯಿಲ್‌ನ ರಿಯಾಕ್ಟೆನ್ಸ್ 100 ಓಮ್. ಕಾಯಿಲ್‌ಗಳನ್ನು ಹತ್ತಿರ ತಂದು ಕಪ್ಲಿಂಗ್ (ಎರಡರ ನಡುವಿನ ಕೊಂಡಿ, ದೋಣಿಗಳ ಹಗ್ಗದ ಹಾಗೆ) 0.1 ಮಾಡಿ. ಒಂದರ ಸರಣಿಯಲ್ಲಿ ಮಾತ್ರ 20 ಓಮ್ ಹಾಕಿ (2 × 0.1 × 100). ಎಕ್ಸೆಪ್ಷನಲ್ ಬಿಂದು ಅಲ್ಲೇ ಇದೆ.

ಕೆಪಾಸಿಟರ್ ಬಿಸಿಗೆ ಬೆಲೆ ಬದಲಾಗದ ಎನ್‌ಪಿ0 ಸೆರಾಮಿಕ್ಕೇ ಆಗಬೇಕು, ಜೊತೆಗೆ ಸೂಕ್ಷ್ಮವಾಗಿ ಹೊಂದಿಸಲು ಒಂದು ಟ್ರಿಮ್ಮರ್. ಬ್ರೆಡ್‌ಬೋರ್ಡ್ ಬೇಡ, ಬೆಸುಗೆ ಹಾಕಿ; ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಬ್ರೆಡ್‌ಬೋರ್ಡಿನ ಅನಗತ್ಯ ಕೆಪಾಸಿಟೆನ್ಸ್ ಜಾರುತ್ತಲೇ ಇರುತ್ತದೆ. ಕೆಪಾಸಿಟರ್ ಶೇ. 1 ತಪ್ಪಿದರೆ ಆವರ್ತನ 8 ಕಿಲೋಹರ್ಟ್ಸ್ ಸರಿಯುತ್ತದೆ. ಬಿಂದುವಿನ ಬಳಿ ಎರಡು ಆವರ್ತನಗಳ ಅಂತರ ಬದಲಾವಣೆಯ ವರ್ಗಮೂಲದಂತೆ ಬೆಳೆಯುತ್ತದೆ; ಆ ತಪ್ಪೂ ಅದೇ ವರ್ಗಮೂಲದೊಳಗೇ ಕೂರುವುದರಿಂದ ಸಿಗ್ನಲ್ಲಿನಂತೆಯೇ ಕಾಣುತ್ತದೆ.

[ದೃಶ್ಯ: ನೇರ ಗೆರೆ, ಪಕ್ಕದಲ್ಲಿ ವರ್ಗಮೂಲದ ವಕ್ರರೇಖೆ]

ಈಗ ಕಪ್ಲಿಂಗ್ ಶೇ. 1 ಹೆಚ್ಚಿಸಿ; ಸೆನ್ಸರ್ ಹಿಡಿಯಬೇಕಾದ ಸಣ್ಣ ಬದಲಾವಣೆ ಇದೇ ಅಂದುಕೊಳ್ಳಿ. ರೆಸಿಸ್ಟರ್ ಇಲ್ಲದಿದ್ದರೆ ಎರಡು ಆವರ್ತನಗಳ ಅಂತರ ಬದಲಾಗುವುದು 1.6 ಕಿಲೋಹರ್ಟ್ಸ್. ಬಿಂದುವಿನಲ್ಲಿದ್ದರೆ ಸುಮಾರು 23. ಹದಿನಾಲ್ಕು ಪಟ್ಟು! 2017ರಲ್ಲಿ ಎರಡು ತಂಡಗಳು ಬೆಳಕಿನ ರೆಸೊನೇಟರುಗಳಲ್ಲಿ ಇಂಥ ವರ್ಧನೆ ತೋರಿಸಿದಾಗ ಎದ್ದ ಉತ್ಸಾಹಕ್ಕೆ ಕಾರಣ ಇದೇ.

ಆದರೆ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಕಂಪನ ಎಂಬ ನಕ್ಷೆ ನೋಡಿ. ಪ್ರತಿ ಶಿಖರದ ಅಗಲ ಸುಮಾರು 160 ಕಿಲೋಹರ್ಟ್ಸ್. 23ರ ಅಂತರ ಅದರೊಳಗೆ ಮುಳುಗಿಹೋಗುತ್ತದೆ. ಶಿಖರಗಳನ್ನು ಕಣ್ಣಳತೆಯಲ್ಲಿ ಹುಡುಕಬೇಡಿ, ಇಡೀ ವಕ್ರರೇಖೆಯನ್ನು ಮಾದರಿಗೆ ಫಿಟ್ ಮಾಡಿ. ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್‌ನಿಂದ ಋಣ ರೆಸಿಸ್ಟೆನ್ಸ್ (ಸೋರಿದ ಶಕ್ತಿಯನ್ನು ಮರಳಿ ತುಂಬುವುದು) ಕೊಟ್ಟು ಅಗಲ ತಗ್ಗಿಸಬಹುದು, ಆದರೆ ಗೇನ್ ಜೊತೆಗೆ ನಾಯ್ಸ್ ಬಂದೇ ಬರುತ್ತದೆ. ಕ್ವಾಂಟಮ್ ಮಟ್ಟದಲ್ಲಂತೂ ಇದು ಬಿಡಿಭಾಗದ ದೋಷವಲ್ಲ, ನಿಯಮ: ಸೋರುವ ದಾರಿಯಿಂದಲೂ ನಿರ್ವಾತದ ಏರಿಳಿತ ಒಳನುಗ್ಗುತ್ತದೆ.

ಇನ್ನೂ ಒಂದು ಪೆಟ್ಟಿದೆ. ಬಿಂದುವಿನ ಹತ್ತಿರ ಎರಡು ಕಂಪನಗಳು ಪರಸ್ಪರ ಲಂಬವಾಗಿ, ಅಂದರೆ ಒಂದರಿಂದೊಂದು ಪೂರ್ತಿ ಬೇರೆಯಾಗಿ ಉಳಿಯುವುದಿಲ್ಲ, ಹಾಗಾಗಿ ನಾಯ್ಸ್ ಉಬ್ಬುತ್ತದೆ. ಆ ಉಬ್ಬಿನ ಅಳತೆಗೆ ಪೀಟರ್‌ಮನ್ ಫ್ಯಾಕ್ಟರ್ ಎನ್ನುತ್ತಾರೆ. 2020ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ ಸಂಸ್ಥೆಯ ಲೇಸರ್ ಗೈರೊಸ್ಕೋಪಿನಲ್ಲಿ (ತಿರುಗುವಿಕೆ ಅಳೆಯುವ ಸಾಧನ) ಸಿಗ್ನಲ್ ಬೆಳೆಯಿತು, ನಾಯ್ಸ್ ಕೂಡ ಅಷ್ಟೇ ಬೆಳೆದು ಲಾಭವನ್ನು ನುಂಗಿತು.

ನಮಗೆ ಹೆಚ್ಚು ಭರವಸೆ ಕಾಣುವುದು ಬೇರೆ ದಾರಿಯಲ್ಲಿ. 2018ರಲ್ಲಿ ಭೌತವಿಜ್ಞಾನಿಗಳಾದ ಲಾವ್ ಮತ್ತು ಕ್ಲರ್ಕ್ ತೋರಿಸಿದಂತೆ, ಸಿಗ್ನಲ್ ಆಚೆ ಹೋಗುವಷ್ಟು ಸುಲಭವಾಗಿ ಈಚೆ ಬಾರದ ಏಕಮುಖ ಕಪ್ಲಿಂಗ್ ಇದ್ದರೆ ಎಕ್ಸೆಪ್ಷನಲ್ ಪಾಯಿಂಟ್ ಇಲ್ಲದೆಯೂ ಲಾಭವಿದೆ.

[ದೃಶ್ಯ: ಎರಡು ಹಿಸ್ಟೋಗ್ರಾಮ್]

ನಿಮ್ಮ ಸರ್ಕ್ಯೂಟಿನಲ್ಲಿ ಬಿಂದುವಿನಲ್ಲಿ 1000 ರೀಡಿಂಗ್, ಅದರಿಂದ ದೂರದಲ್ಲಿ 1000 ರೀಡಿಂಗ್ ತೆಗೆಯಿರಿ. ಅಳತೆಯ ಸಮಯ, ಒಳಕೊಡುವ ಪವರ್ ಎರಡೂ ಕಡೆ ಒಂದೇ ಇರಲಿ. ಆವರ್ತನಗಳ ಅಂತರ ಎಷ್ಟು ಸರಿಯಿತೋ ಅದನ್ನು ರೀಡಿಂಗುಗಳ ಚದುರುವಿಕೆಯಿಂದ ಭಾಗಿಸಿ, ಆ ಎರಡು ಸಂಖ್ಯೆಗಳನ್ನು ಹೋಲಿಸಿ. ಯಾವುದು ದೊಡ್ಡದೋ ಅಲ್ಲಿ ನಿಖರತೆ ಹೆಚ್ಚು.