ಸಿಂಡಿಯ ಸಾಕ್ಷ್ಯ

ಮಾನ್ಯ ಅಧ್ಯಕ್ಷರೇ, ಸ್ನೇಹಿತರೇ,

ನಿನ್ನೆ ಸಂಜೆ ಇದೇ ಸಭಾಂಗಣದಲ್ಲಿ ‘ಡಿಸ್‌ಕ್ಲೋಷರ್’ ಚಿತ್ರವನ್ನು ನಾವೆಲ್ಲ ಒಟ್ಟಿಗೆ ನೋಡಿದ್ದೇವೆ. ಆದ್ದರಿಂದ ಅದರ ಕಥೆಯನ್ನು ವಿವರವಾಗಿ ಹೇಳುವ ಅಗತ್ಯವಿಲ್ಲ: ಕಂಪ್ಯೂಟರ್ ಕಂಪನಿಯೊಂದರ ಅಧಿಕಾರಿ ಟಾಮ್ ಕನಸು ಕಂಡ ಬಡ್ತಿ ಮೆರೆಡಿತ್‌ಗೆ ಸಿಗುತ್ತದೆ, ಅವಳು ಅವನ ಮೇಲೆ ಲೈಂಗಿಕ ಒತ್ತಡ ಹೇರುತ್ತಾಳೆ, ಅವನು ಹಿಂದೆ ಸರಿದಾಗ ಅವನ ಮೇಲೆಯೇ ದೂರು ಕೊಡುತ್ತಾಳೆ. ಪ್ರದರ್ಶನ ಮುಗಿದ ಮೇಲೆ ಬಾಗಿಲ ಬಳಿ ಎರಡು ಗುಂಪುಗಳ ವಾದವನ್ನು ಕೇಳಿಸಿಕೊಂಡೆ. ಗಂಡಸಿನ ಮೇಲೂ ಇಂಥ ದೌರ್ಜನ್ಯ ನಡೆಯಬಹುದೆಂದು ಧೈರ್ಯವಾಗಿ ಹೇಳಿದ ಚಿತ್ರವಿದು ಎಂದು ಒಂದು ಗುಂಪು. ಬಹುಪಾಲು ಹೆಂಗಸರೇ ಅನುಭವಿಸುವ ಸಂಕಟವನ್ನು ತಲೆಕೆಳಗು ಮಾಡಿ ಹೆಣ್ಣನ್ನೇ ಅಪರಾಧಿಯಾಗಿಸಿದ ಚಿತ್ರವಿದು ಎಂದು ಇನ್ನೊಂದು ಗುಂಪು. ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಎರಡೂ ಗುಂಪಿನವರು ಮಾತಾಡುತ್ತಿದ್ದುದು ಒಂದೇ ದೃಶ್ಯದ ಬಗ್ಗೆ: ಸಂಜೆಯ ಹೊತ್ತು, ಹೊಸ ಉಪಾಧ್ಯಕ್ಷೆ ಮೆರೆಡಿತ್ ಜಾನ್ಸನ್ನಳ ಕೋಣೆ, ವೈನ್ ಬಾಟಲಿ, ಅವಳೆದುರು ಟಾಮ್ ಸ್ಯಾಂಡರ್ಸ್. ಟಾಮ್‌ನ ಕಾರ್ಯದರ್ಶಿ ಸಿಂಡಿಯ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಇಂದು ಇಲ್ಲಿ ನಿಂತಿರುವುದು ಅವಳ ಸಲುವಾಗಿ.

ಚಿತ್ರ ಹುಟ್ಟಿದ ಕಾಲವನ್ನು ಮೊದಲು ನೆನಪಿಸಿಕೊಳ್ಳಬೇಕು. ಮೈಕಲ್ ಕ್ರೈಟನ್ನರ ಕಾದಂಬರಿ 1994ರ ಆರಂಭದಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ಯಾರಿ ಲೆವಿನ್ಸನ್ನರ ಚಿತ್ರ ತೆರೆಕಂಡಿತು. ಅದಕ್ಕೆ ಮೂರು ವರ್ಷ ಹಿಂದೆ, 1991ರ ಅಕ್ಟೋಬರಿನಲ್ಲಿ, ಕಾನೂನು ಪ್ರಾಧ್ಯಾಪಕಿ ಅನಿತಾ ಹಿಲ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕುಳಿತು, ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡಿದ್ದ ಕ್ಲಾರೆನ್ಸ್ ಥಾಮಸ್ ತಮ್ಮ ಮೇಲಧಿಕಾರಿಯಾಗಿದ್ದಾಗ ಆಡಿದರೆನ್ನಲಾದ ಮಾತುಗಳನ್ನು ದೂರದರ್ಶನದ ಕ್ಯಾಮೆರಾಗಳೆದುರು ಒಂದೊಂದಾಗಿ ಹೇಳಬೇಕಾಯಿತು. ಥಾಮಸ್ ಎಲ್ಲವನ್ನೂ ನಿರಾಕರಿಸಿದರು. ಪ್ರಶ್ನೆ ಕೇಳಿದ ಸಮಿತಿಯಲ್ಲಿದ್ದವರು ಹದಿನಾಲ್ಕು ಮಂದಿ, ಹದಿನಾಲ್ಕೂ ಗಂಡಸರು. ಸಾಕ್ಷ್ಯ ಹೇಳಲು ಸಿದ್ಧಳಾಗಿದ್ದ ಮತ್ತೊಬ್ಬ ಮಹಿಳೆಯನ್ನು ಆ ವೇದಿಕೆಗೆ ಕರೆಯಲೇ ಇಲ್ಲ. ಕೊನೆಗೆ 52–48 ಮತಗಳಿಂದ ನೇಮಕ ಅಂಗೀಕಾರವಾಯಿತು. ಮರುವರ್ಷದ ಚುನಾವಣೆಯಲ್ಲಿ ನಾಲ್ವರು ಮಹಿಳೆಯರು ಹೊಸದಾಗಿ ಸೆನೆಟ್ಟಿಗೆ ಆಯ್ಕೆಯಾದರು. ಅವರಲ್ಲೊಬ್ಬರಾದ ಪ್ಯಾಟಿ ಮರ್ರಿ ಈ ಚಿತ್ರದ ಕಥೆ ನಡೆಯುವ ಸಿಯಾಟಲ್ ನಗರವಿರುವ ವಾಷಿಂಗ್ಟನ್ ರಾಜ್ಯದವರೇ.

ಆ ವಿಚಾರಣೆಯಲ್ಲಿ ಎಲ್ಲವೂ ಒಬ್ಬಳ ಮಾತು ಮತ್ತು ಒಬ್ಬನ ನಿರಾಕರಣೆಯ ನಡುವೆ ನಿಂತಿತ್ತು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಚಿತ್ರದ ಟಾಮ್‌ಗೆ ಸಿಕ್ಕಂಥ, ಘಟನೆಯನ್ನು ಮುದ್ರಿಸಿಕೊಂಡ ಟೇಪು ಅನಿತಾ ಹಿಲ್ ಬಳಿ ಇರಲಿಲ್ಲ. ಈ ಟೇಪಿನ ವಿಷಯಕ್ಕೆ ನಾನು ಮತ್ತೆ ಮತ್ತೆ ಬರಲಿದ್ದೇನೆ.

ಕಾನೂನಿನ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ ಕಚೇರಿಯ ಲೈಂಗಿಕ ಕಿರುಕುಳವನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯದಡಿಯಲ್ಲಿ ತಾರತಮ್ಯವೆಂದು ಪರಿಗಣಿಸುತ್ತಾರೆ. ಆದರೆ ಕೆಲಸದ ವಾತಾವರಣವನ್ನೇ ಹಗೆತನದಿಂದ ತುಂಬಿಬಿಡುವ ನಡವಳಿಕೆಯೂ ಅದರಲ್ಲಿ ಸೇರುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟು ಮೊದಲ ಬಾರಿಗೆ ಒಪ್ಪಿದ್ದು 1986ರಲ್ಲಿ, ಮೆರಿಟರ್ ಸೇವಿಂಗ್ಸ್ ಬ್ಯಾಂಕಿನ ಪ್ರಕರಣದಲ್ಲಿ. ಆ ತೀರ್ಪಿನ ತಿರುಳು ಒಂದೇ ಪದದಲ್ಲಿದೆ. ದೂರು ಕೊಟ್ಟವರು ಸ್ವ ಇಚ್ಛೆಯಿಂದ ಒಳಗಾದರೇ ಎಂಬುದು ಪ್ರಶ್ನೆಯಲ್ಲ, ಆ ವರ್ತನೆ ಅವರಿಗೆ ಬೇಕಾಗಿತ್ತೇ, ಬೇಡವಾಗಿತ್ತೇ ಎಂಬುದು ಪ್ರಶ್ನೆ. ಮೆರೆಡಿತ್‌ಳ ಕೋಣೆಯಲ್ಲಿ ಟಾಮ್ ಒಂದು ಹಂತದವರೆಗೆ ಸ್ಪಂದಿಸಿ ನಂತರ ಹಿಂದೆ ಸರಿಯುತ್ತಾನಲ್ಲ, ಆ ದೃಶ್ಯವನ್ನು ಈ ಪದದ ಬೆಳಕಿನಲ್ಲಿ ನೋಡಿದರೆ ಅವನ ದೂರು ನಿಲ್ಲುತ್ತದೆ, ನಿಲ್ಲಲೇಬೇಕು. ಮಧ್ಯಸ್ಥಿಕೆಯ ಸಭೆಯಲ್ಲಿ ಅವನ ವಕೀಲೆ ಕ್ಯಾಥರೀನ್ ಆಲ್ವರೆಜ್, ಟೇಪಿನಲ್ಲಿ ಅವನು ಬೇಡವೆಂದದ್ದನ್ನು ಎಣಿಸಿ ತೋರಿಸಿ, ಬೇಡವೆಂದರೆ ಬೇಡವೆಂದೇ ಅರ್ಥ ಎಂದು ಹೆಂಗಸರಿಗೆ ಹೇಳಿಕೊಡುವ ನಾವು ಗಂಡಸಿಗೆ ಅಷ್ಟನ್ನೂ ಕೊಡುವುದಿಲ್ಲವೇ ಎಂಬ ಧಾಟಿಯಲ್ಲಿ ಕೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಆ ಪ್ರಶ್ನೆ ನ್ಯಾಯವಾದದ್ದು.

ಆದರೆ ಅದೇ ಮೆರಿಟರ್ ತೀರ್ಪಿನೊಳಗೆ ಇನ್ನೊಂದು ಮಾತೂ ಅಡಗಿದೆ. ದೂರುದಾರಳ ಮಾತು ಮತ್ತು ಉಡುಪು ಪ್ರಚೋದಕವಾಗಿದ್ದವೇ ಎಂಬುದನ್ನೂ, ಆ ವರ್ತನೆ ಅವಳಿಗೆ ಬೇಡವಾಗಿತ್ತೇ ಎಂದು ತೀರ್ಮಾನಿಸುವಾಗ, ಪರಿಗಣಿಸಬಹುದೆಂದು ನ್ಯಾಯಾಲಯ ಹೇಳಿತು. ಈಗ ಯೋಚಿಸಿ: ಇಡೀ ಚಿತ್ರದಲ್ಲಿ ಟಾಮ್ ಆ ಸಂಜೆ ಯಾವ ಅಂಗಿ ತೊಟ್ಟಿದ್ದ ಎಂದು ಯಾರಾದರೂ ಕೇಳುತ್ತಾರೆಯೇ? ಅವನ ಟೈ ಮೇಲೆ ಬೆಳಿಗ್ಗೆ ಟೂತ್‌ಪೇಸ್ಟಿನ ಕಲೆ ಬಿದ್ದಿತ್ತು. ಆ ಟೈ ಬಗ್ಗೆ ನಡೆದ ಚರ್ಚೆ ಅಷ್ಟೇ. ಇಬ್ಬಗೆಯ ನೀತಿ ಎಂಬುದು ಮೆರೆಡಿತ್‌ಳ ಕೋಣೆಯಲ್ಲಿ ಹುಟ್ಟಿದ್ದಲ್ಲ, ಕೇಳುವ ಪ್ರಶ್ನೆಗಳ ಪಟ್ಟಿಯಲ್ಲೇ ಅದು ಮೊದಲಿನಿಂದ ಇತ್ತು.

ಈಗ ನಾನು ನಿಮಗೆ ಒಂದು ಪ್ರಸಂಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಚಲನಚಿತ್ರ ಶಿಬಿರದಲ್ಲಿ ಇದೇ ಚಿತ್ರವನ್ನು ತೋರಿಸಿ, ಸೇರಿದ್ದ ಸುಮಾರು ಮೂವತ್ತು ಜನರಿಗೆ ಚೀಟಿ ಹಂಚಿ, ಚಿತ್ರದಲ್ಲಿ ಬರುವ ಮೊದಲ ಅನುಚಿತ ಸ್ಪರ್ಶ ಯಾವುದು ಎಂದು ಬರೆಯಲು ಹೇಳಿದೆ. ಚೀಟಿಗಳು ಬಂದವು. ಒಂದನ್ನುಳಿದು ಎಲ್ಲದರಲ್ಲೂ ಮೆರೆಡಿತ್‌ಳ ಹೆಸರಿತ್ತು. ಕೆಲವರು ಅವಳು ಹೆಗಲು ಒತ್ತಿಸಿಕೊಂಡದ್ದನ್ನೂ ಬರೆದಿದ್ದರು, ಅಷ್ಟು ಎಚ್ಚರದಿಂದ ನೋಡಿದ್ದರು. ಉಳಿದ ಆ ಒಂದು ಚೀಟಿಯಲ್ಲಿ ಉರುಟಾದ ಅಕ್ಷರಗಳಲ್ಲಿ ‘ಸಿಂಡಿ’ ಎಂದು ಮಾತ್ರ ಇತ್ತು. ಬರೆದವರು ಯಾರೆಂದು ಕೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಮಹಿಳೆ ಎದ್ದು ನಿಂತರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶೀಘ್ರಲಿಪಿಗಾರ್ತಿಯಾಗಿ ದುಡಿದು ನಿವೃತ್ತರಾದವರು. ಚಿತ್ರದ ಆರಂಭದಲ್ಲಿ, ಬಡ್ತಿಯ ಕನಸಿನಲ್ಲಿ ಓಡಾಡುವ ಟಾಮ್ ತನ್ನ ಕಾರ್ಯದರ್ಶಿಯ ಬೆನ್ನ ಕೆಳಗೆ ತಟ್ಟುವುದನ್ನು ಅವರು ನೆನಪಿಸಿದರು. ನಂಬದ ಇಬ್ಬರು ಯುವಕರು ಆ ಭಾಗವನ್ನು ಮತ್ತೆ ಹಾಕಿಸಿ ನೋಡಿದರು, ನೋಡಿ ಸುಮ್ಮನಾದರು.

ಪ್ರಸಂಗ ಅಲ್ಲಿಗೆ ಮುಗಿಯಲಿಲ್ಲ, ನಾನು ಹೇಳಬೇಕೆಂದದ್ದು ಅದರ ಮುಂದಿನದು. ಒಬ್ಬ ಯುವಕ ಎದ್ದು, ಮೇಡಂ, ಚಿತ್ರ ಅದನ್ನು ಮರೆತಿಲ್ಲ, ಮಧ್ಯಸ್ಥಿಕೆಯ ಸಭೆಯಲ್ಲಿ ಸಿಂಡಿಯನ್ನು ಕರೆಸಿ ಕೇಳುತ್ತಾರೆ, ಅವಳು ಟಾಮ್ ಹೆಗಲು ಒತ್ತುವುದನ್ನೂ ತಟ್ಟುವುದನ್ನೂ ಹೇಳಿಯೇ ಹೇಳುತ್ತಾಳೆ, ಹಾಗಾಗಿ ಲೆಕ್ಕ ಚುಕ್ತವಾಯಿತಲ್ಲ ಎಂದ. ಆ ಹಿರಿಯರು ಬಹಳ ಹೊತ್ತು ಯೋಚಿಸಿದರು. ನಂತರ ಹೇಳಿದ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ: “ಅವಳನ್ನು ಕೇಳಿದರು, ನಿಜ. ಆದರೆ ಅವಳಿಗಾಗಿ ಯಾರು ಕೇಳಿದರಪ್ಪಾ? ಕಂಪನಿಯ ವಕೀಲರಿಗೆ ಟಾಮ್‌ನನ್ನು ಹಣಿಯಬೇಕಿತ್ತು, ಅದಕ್ಕೆ ಅವಳು ಬೇಕಾದಳು. ಕೇಳಿ ಮುಗಿದ ಮೇಲೆ ಅವಳು ಎದ್ದು ಮತ್ತೆ ಅದೇ ಮೇಜಿಗೆ, ಅದೇ ಮನುಷ್ಯನ ಎದುರಿಗೆ ಹೋಗಿ ಕೂರಬೇಕು. ಆ ಮರುದಿನ ಬೆಳಿಗ್ಗೆ ಹೇಗಿತ್ತು ಅಂತ ಸಿನಿಮಾದವರು ತೋರಿಸಿದರಾ?”

ಸಭೆಯಲ್ಲಿ ಆಮೇಲೆ ಯಾರೂ ಮಾತಾಡಲಿಲ್ಲ. ಆ ಹೆಂಗಸು ತಮ್ಮ ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಈ ಚಿತ್ರದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಆ ಮಾತಿನ ಹತ್ತಿರ ಬಂದಿಲ್ಲ.

ಟೇಪಿನ ವಿಷಯಕ್ಕೆ ಮರಳುತ್ತೇನೆ. ಟಾಮ್‌ಗೆ ನ್ಯಾಯ ಸಿಕ್ಕಿದ್ದು ಯಾವುದರಿಂದ? ಅವನ ಮಾತನ್ನು ಯಾರೋ ನಂಬಿದ್ದರಿಂದಲ್ಲ. ಕೋಣೆಗೆ ಹೋದಾಗ ಅವನು ಸಹೋದ್ಯೋಗಿಗೆಂದು ಹಚ್ಚಿದ್ದ ದೂರವಾಣಿ ಕರೆ ಕಡಿದುಹೋಗದೆ ಉಳಿದು, ಇನ್ನೊಬ್ಬರ ಉತ್ತರಿಸುವ ಯಂತ್ರ ಇಡೀ ಘಟನೆಯನ್ನು ಮುದ್ರಿಸಿಕೊಂಡಿತ್ತು. ರೋಚಕ ಚಿತ್ರಕ್ಕೆ ಇದು ಒಳ್ಳೆಯ ತಿರುವು, ಒಪ್ಪುತ್ತೇನೆ. ಆದರೆ ಪ್ರೇಕ್ಷಕನಿಗೆ ಅದು ಕಲಿಸುವುದೇನು? ಘಟನೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ, ಮೇಲೆ ಟೇಪೂ ಇದೆ. ಹೀಗಾಗಿ ಒಬ್ಬರ ಬರಿಯ ಮಾತನ್ನು ತೂಗಿ ನೋಡಿ ನಂಬುವ ಕಷ್ಟ ನಮಗೆ ಬರುವುದೇ ಇಲ್ಲ. ನಿಜವಾದ ಕಚೇರಿಗಳಲ್ಲಿ ಬರುವ ಕಷ್ಟ ಮಾತ್ರ ಅದೊಂದೇ. ಮುಚ್ಚಿದ ಬಾಗಿಲು, ಇಬ್ಬರು ಮನುಷ್ಯರು, ಎರಡು ಕಥೆಗಳು. ಟೇಪು ಇಲ್ಲದ ಟಾಮ್‌ನನ್ನು ಆಸ್ಟಿನ್ನಿಗೆ ವರ್ಗ ಮಾಡಿ ಕೈತೊಳೆದುಕೊಳ್ಳಲು ಕಂಪನಿ ಸಿದ್ಧವಾಗಿತ್ತು ಎಂಬುದನ್ನು ಚಿತ್ರವೇ ತೋರಿಸುತ್ತದೆ. ಅಂದರೆ ಟೇಪು ಇಲ್ಲದವರ ಗತಿ ಏನೆಂದು ಚಿತ್ರಕ್ಕೆ ಗೊತ್ತಿತ್ತು. ಗೊತ್ತಿದ್ದೂ ಅದು ತನ್ನ ನಾಯಕನನ್ನು ಅಲ್ಲಿಂದ ಎತ್ತಿ ಪಾರುಮಾಡಿತು. ಸಿಂಡಿಗೆ ಅಂಥ ಯಂತ್ರ ಯಾವುದೂ ಸಿಗಲಿಲ್ಲ.

ಮೆರೆಡಿತ್‌ಳ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಅವಳು ಮಾಡಿದ್ದು ಕಿರುಕುಳ, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ತನ್ನ ಕೈಕೆಳಗಿನವನ ಕೆಲಸವನ್ನು ಮುಷ್ಟಿಯಲ್ಲಿಟ್ಟುಕೊಂಡು ಅವನ ಮೈಯನ್ನು ಕೇಳಿದಳು, ಸಿಗದಿದ್ದಾಗ ಅವನ ಮೇಲೆಯೇ ದೂರಿತ್ತಳು. ಆದರೆ ಚಿತ್ರ ಅವಳನ್ನು ಎರಡು ತಪ್ಪುಗಳಿಗಾಗಿ ಶಿಕ್ಷಿಸುತ್ತದೆ. ಒಂದು, ಅವಳು ಮಾಡಿದ್ದು. ಇನ್ನೊಂದು, ಅವಳು ಮಹತ್ವಾಕಾಂಕ್ಷೆಯ ಹೆಣ್ಣಾಗಿರುವುದು. ದೋಣಿಯಲ್ಲಿ ಟಾಮ್‌ನ ಪಕ್ಕ ಕುಳಿತ, ಕೆಲಸ ಕಳೆದುಕೊಂಡ ಆ ವಯಸ್ಸಾದ ಮನುಷ್ಯನನ್ನು ನೆನಪಿಸಿಕೊಳ್ಳಿ: ಹಿಂದೆ ಹುಡುಗಿಯರ ಜೊತೆ ಮಜಾ ಇತ್ತು, ಈಗ ಅವಳಿಗೆ ನಿನ್ನ ಕೆಲಸವೇ ಬೇಕಾಗಿರುತ್ತದೆ ಎಂಬ ಅರ್ಥದ ಮಾತಾಡುತ್ತಾನೆ. ಚಿತ್ರದ ಭಯ ಅಲ್ಲಿ ಬಾಯಿ ಬಿಟ್ಟು ಮಾತಾಡಿದೆ.

ಆ ಭಯದ ನಿಜರೂಪವನ್ನು ಕಾಣಲು ಆ್ಯನ್ ಹಾಪ್‌ಕಿನ್ಸ್ ಎಂಬ ಮಹಿಳೆಯ ಪ್ರಕರಣವನ್ನು ಓದಬೇಕು. ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ 1982ರಲ್ಲಿ ಪಾಲುದಾರಿಕೆಗೆ ಹೆಸರು ಸೂಚಿತವಾದ 88 ಮಂದಿಯಲ್ಲಿ ಆಕೆಯೊಬ್ಬಳೇ ಹೆಣ್ಣು. ಅಮೆರಿಕದ ವಿದೇಶಾಂಗ ಇಲಾಖೆಯಿಂದ ಸುಮಾರು 2.5 ಕೋಟಿ ಡಾಲರಿನ ಗುತ್ತಿಗೆ ತರುವಲ್ಲಿ ದೊಡ್ಡ ಪಾತ್ರ ವಹಿಸಿದ್ದವಳು. ಪಾಲುದಾರಿಕೆ ಸಿಗಲಿಲ್ಲ. ಹೆಚ್ಚು ಹೆಣ್ಣಿನಂತೆ ನಡೆ, ಹೆಣ್ಣಿನಂತೆ ಮಾತಾಡು, ಹೆಣ್ಣಿನಂತೆ ಉಡು, ಮುಖಕ್ಕೆ ಬಣ್ಣ ಹಚ್ಚು, ಕೂದಲು ತಿದ್ದಿಸಿಕೋ, ಆಭರಣ ತೊಡು ಎಂಬ ಸಲಹೆ ಸಿಕ್ಕಿತು. ಗಡುಸಾಗಿದ್ದರೆ ಹೆಣ್ಣಲ್ಲ, ಗಡುಸಾಗಿರದಿದ್ದರೆ ಆ ಕೆಲಸಕ್ಕೆ ಲಾಯಕ್ಕಲ್ಲ. ಇಂಥ ಉಭಯಸಂಕಟದಲ್ಲಿ ಹೆಂಗಸರನ್ನು ಸಿಕ್ಕಿಸುವುದು ಕಾನೂನಿಗೆ ಒಪ್ಪಿಗೆಯಿಲ್ಲವೆಂದು 1989ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಚಿತ್ರದ ಕೊನೆಯಲ್ಲಿ ಮೆರೆಡಿತ್, ಆಟದ ನಿಯಮಗಳನ್ನು ಮಾಡಿದವರು ನೀವು, ನಾನು ಅದರಂತೆ ಆಡಿದ್ದಕ್ಕೆ ನನಗೆ ಶಿಕ್ಷೆ ಎಂಬರ್ಥದಲ್ಲಿ ಹೇಳುತ್ತಾಳೆ. ಅವಳ ತಪ್ಪಿಗೆ ಅದು ಸಮರ್ಥನೆಯಾಗಲಾರದು. ಆದರೆ ಆ ನಿಯಮಗಳನ್ನು ಬರೆದ ಕಂಪನಿಯ ಮುಖ್ಯಸ್ಥ ಬಾಬ್ ಗಾರ್ವಿನ್ ತನ್ನ ಕುರ್ಚಿಯಲ್ಲೇ ಕುಳಿತಿದ್ದಾನೆ ಎಂಬುದನ್ನು ನೀವು ಗಮನಿಸಿದಿರಾ? ಹೆಂಗಸರು ಮೇಲೇರದಂತೆ ತಡೆಯುವ ಕಾಣದ ‘ಗಾಜಿನ ಚಾವಣಿ’ ಒಡೆಯುತ್ತೇನೆಂದು ಭಾಷಣ ಮಾಡಿ ಮೆರೆಡಿತ್‌ಳನ್ನು ಮೇಲೇರಿಸಿದವನೂ ಅವನೇ, ಕಂಪನಿಗಳ ವಿಲೀನ ಕೆಡಬಾರದೆಂದು ದೂರನ್ನು ಹೊಸಕಲು ನೋಡಿದವನೂ ಅವನೇ.

ಚಿತ್ರದ ಉತ್ತರಾರ್ಧದ ಬಗ್ಗೆ ಹೇಳಲು ನಾನು ಬಹಳ ಬರೆದುಕೊಂಡಿದ್ದೆ, ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಸಂಕ್ಷಿಪ್ತವಾಗಿ ಹೇಳುತ್ತೇನೆ. ಮಲೇಷ್ಯಾದ ಕಾರ್ಖಾನೆ, ಕೆಟ್ಟ ಸಿಡಿ ಡ್ರೈವುಗಳು, ತಲೆಗೆ ಯಂತ್ರ ತೊಟ್ಟು ಕಂಪ್ಯೂಟರಿನೊಳಗಿನ ಮೊಗಸಾಲೆಯಲ್ಲಿ ನಡೆದಾಡಿ ಕಡತ ಹುಡುಕುವುದು, ಇವೆಲ್ಲ ಆ ಕಾಲದ ಮೋಜುಗಳು. ನನ್ನ ಆಕ್ಷೇಪ ಬೇರೆ. ಟಾಮ್‌ನನ್ನು ಅಸಮರ್ಥನೆಂದು ತೋರಿಸಿ ಹೊರಹಾಕುವ ಒಳಸಂಚು ಬಯಲಾದ ಕೂಡಲೇ ಕಿರುಕುಳವು ಆ ಸಂಚಿನ ಒಂದು ಭಾಗವಾಗಿ ಕುಗ್ಗಿಬಿಡುತ್ತದೆ. ಕಿರುಕುಳಕ್ಕೆ ಒಳಸಂಚು ಬೇಕಿಲ್ಲ, ಸ್ನೇಹಿತರೇ. ಟಾಮ್ ಸಿಂಡಿಯನ್ನು ಮುಟ್ಟಿದ್ದು ಯಾವ ಸಂಚಿಗಾಗಿಯೂ ಅಲ್ಲ, ಹಾಗೆ ಮುಟ್ಟಬಹುದು ಎಂಬ ಅಭ್ಯಾಸದಿಂದ. 1993ರ ನವೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಹ್ಯಾರಿಸ್ ಪ್ರಕರಣದಲ್ಲಿ, ಕಂಪನಿಯ ಅಧ್ಯಕ್ಷ ತನ್ನ ಪ್ಯಾಂಟಿನ ಜೇಬಿನಿಂದ ನಾಣ್ಯ ತೆಗೆಯುವಂತೆ ಹೆಂಗಸರಿಗೆ ಹೇಳುತ್ತಿದ್ದ. ಅದೂ ತಮಾಷೆಯ ಹೆಸರಿನಲ್ಲಿ ನಡೆದ ಅಭ್ಯಾಸವೇ. ಮಾನಸಿಕವಾಗಿ ಕುಸಿದುಬೀಳುವವರೆಗೆ ಕಾಯಬೇಕಿಲ್ಲ, ಅದಕ್ಕೆ ಮೊದಲೇ ಕಾನೂನು ನೆರವಿಗೆ ಬರುತ್ತದೆಂದು ಅಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓ’ಕಾನರ್ ಬರೆದರು.

ಪುರುಷರ ದೂರುಗಳ ಬಗ್ಗೆಯೂ ಹೇಳುವುದಿತ್ತು. 1998ರ ಆಂಕೇಲ್ ತೀರ್ಪು, ಗಂಡಸರಿಂದಲೇ ಕಿರುಕುಳಕ್ಕೊಳಗಾದ ಗಂಡಸಿನ ದೂರನ್ನೂ ಇದೇ ಕಾಯ್ದೆಯೊಳಗೆ ತಂದಿತು ಎಂಬುದನ್ನಷ್ಟೇ ನೆನಪಿಸಿ ಬಿಡುತ್ತೇನೆ. ಚಿತ್ರದ ಕೊನೆಯಲ್ಲಿ ಮೆರೆಡಿತ್‌ಳ ಸ್ಥಾನಕ್ಕೆ ಬರುವ ಸ್ಟೆಫನಿ ಕ್ಯಾಪ್ಲನ್ನಳ ನೇಮಕದ ಬಗ್ಗೆ ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿದರೆ ಸಂತೋಷ.

ಈಗ, ಸಂಘಟಕರ ಅನುಮತಿಯೊಂದಿಗೆ, ಸಿಂಡಿ ಸಾಕ್ಷ್ಯ ಹೇಳುವ ಆ ಚಿಕ್ಕ ದೃಶ್ಯವನ್ನು ಮತ್ತೊಮ್ಮೆ ತೋರಿಸಲು ಕೇಳಿಕೊಂಡಿದ್ದೇನೆ. ಟಾಮ್‌ನನ್ನು ನೋಡಬೇಡಿ, ವಕೀಲರನ್ನೂ ನೋಡಬೇಡಿ. ಅವಳು ಉತ್ತರ ಕೊಡುವ ಮುನ್ನ ಎಷ್ಟು ಹೊತ್ತು ಸುಮ್ಮನಿರುತ್ತಾಳೆ ಎಂಬುದನ್ನು ಮಾತ್ರ ನೋಡಿ. ದಯವಿಟ್ಟು ದೀಪ ಆರಿಸಿ.